ತಪ್ಪು ಅಕ್ಷರ ಹಿಡಿಯುವ ಕಿಣ್ವ

ಪ್ರಶ್ನೆ: ಡಿಎನ್‌ಎ ನಕಲಾಗುವಾಗ ತಪ್ಪು ನುಸುಳದಂತೆ ರಿಪೇರಿ ಕಿಣ್ವಗಳು ಹೇಗೆ ನೋಡಿಕೊಳ್ಳುತ್ತವೆ? (ಓದುಗರು, ಅರಕೇರಿ, ವಿಜಯಪುರ ಜಿಲ್ಲೆ)

ಉತ್ತರ: ಕಿಣ್ವದ ಆಕಾರವೇ ಆ ಕಾವಲು ಕಾಯುತ್ತದೆ. ಉದಾಹರಣೆಗೆ, ಡಿಎನ್‌ಎಯಲ್ಲಿರುವ ಸೈಟೋಸಿನ್ ಎಂಬ ಅಕ್ಷರ ಆಗಾಗ ತಾನಾಗಿಯೇ ಯುರಾಸಿಲ್ ಆಗಿಬಿಡುತ್ತದೆ. ಹಾಗೇ ಬಿಟ್ಟರೆ ನಕಲಿನಲ್ಲಿ ಅದರೆದುರು ಗ್ವಾನಿನ್ ಬದಲು ಅಡೆನಿನ್ ಕೂತು, ತಪ್ಪು ಕಾಯಂ ಆಗುತ್ತದೆ. ಯುರಾಸಿಲ್ ಡಿಎನ್‌ಎ ಗ್ಲೈಕೋಸಿಲೇಸ್ ಎಂಬ ಕಿಣ್ವ ಎಳೆಯುದ್ದಕ್ಕೂ ತಡಕುತ್ತ, ಯುರಾಸಿಲನ್ನು ಹೊರಳಿಸಿ ತನ್ನ ಪೊಟರೆಗೆ ಎಳೆದು ಕತ್ತರಿಸುತ್ತದೆ. ಡಿಎನ್‌ಎಯದೇ ಅಕ್ಷರವಾದ ಥೈಮಿನ್ ನೋಡಲು ಯುರಾಸಿಲ್‌ನಂತೆಯೇ ಇದ್ದರೂ ಒಂದು ಮೀಥೈಲ್ ಗುಂಪು ಹೆಚ್ಚಿಗೆ ಇರುವುದರಿಂದ ಆ ಪೊಟರೆಯಲ್ಲಿ ಹಿಡಿಸದು. ಒಣದ್ರಾಕ್ಷಿ ಸಾಣಿಸುವಾಗ ಸಣ್ಣವು ಕೆಳಗಿಳಿದು ದಪ್ಪನೆಯವು ಮೇಲೇ ಉಳಿಯುವಂತೆ. ತೆರವಾದ ಜಾಗಕ್ಕೆ ಬೇರೆ ಕಿಣ್ವಗಳು ಸೈಟೋಸಿನ್ ಕೂರಿಸುತ್ತವೆ. ವಿಜ್ಞಾನಿ ಟೋಮಸ್ ಲಿಂಡಾಲ್ 1974ರಲ್ಲಿ ಪತ್ತೆಹಚ್ಚಿದ ಈ ಕಿಣ್ವದ ರಚನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್, ಉಮೇಶ್ ವಾರ್ಷ್ಣೆ ಮುಂತಾದವರು ಎಕ್ಸ್-ಕಿರಣಗಳಿಂದ ಪರಿಶೀಲಿಸಿದ್ದಾರೆ.