ಕೊಡೈಕನಾಲಿನ ಸೂರ್ಯ, ಬೋಡಿಯ ಲ್ಯಾಪ್‌ಟಾಪ್

ದಿಂಡಿಗಲ್ ಜಿಲ್ಲೆಯ ಕೊಡೈಕನಾಲ್ ವೀಕ್ಷಣಾಲಯದಲ್ಲಿ 1904ರಿಂದಲೂ ಸೂರ್ಯನ ಚಿತ್ರ ತೆಗೆದಿಟ್ಟಿದ್ದಾರೆ. ಸೌರಕಲೆಯಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಜಾನ್ ಎವರ್‌ಶೆಡ್ 1909ರಲ್ಲಿ ಕಂಡದ್ದು ಅಲ್ಲೇ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಆ ಹಳೆಯ ಫಲಕಗಳನ್ನು ಡಿಜಿಟಲ್ ರೂಪಕ್ಕೆ ತಂದು ಸಾರ್ವಜನಿಕರಿಗೆ ತೆರೆದಿಟ್ಟಿದೆ.

ಕಂಬಂ ಕಣಿವೆಯ ಸುತ್ತ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಕುಟುಂಬಗಳು ಬಹಳ ಇವೆ. ಬೋಡಿನಾಯಕನೂರಿನ ನನ್ನ ಅಕ್ಕನ ಮನೆಯೂ ಅಂಥದ್ದೇ. ಅಕ್ಕನ ಮಗಳು ಇಂಜಿನಿಯರಿಂಗ್ ಪ್ರಾಜೆಕ್ಟಿಗೆ ಕೊಡೈಕನಾಲಿನ 1957–58ರ ಚಿತ್ರಗಳನ್ನು ಆರಿಸಿಕೊಂಡಳು. ಸೌರಕಲೆಗಳು ವಿಪರೀತ ಹೆಚ್ಚಿದ್ದ ಕಾಲ ಅದು. ಅವುಗಳ ವಿಸ್ತೀರ್ಣ ಅಳೆಯಬೇಕು.

"ಮಾಮ, ಸೀನಿಯರ್ ಅಕ್ಕ ಕೊಟ್ಟ ಪ್ರೋಗ್ರಾಂ ಓಡ್ತಾನೇ ಇಲ್ಲ. ಅವರ ಹತ್ರ ಓಡಿತ್ತಂತೆ. ನಾನು ಒಂದಕ್ಷರಾನೂ ಮುಟ್ಟಿಲ್ಲ," ಅಂದಳು ಫೋನಿನಲ್ಲಿ.

ಅವಳು ಮುಟ್ಟಿರಲಿಲ್ಲ, ನಿಜ. ಬದಲಾದದ್ದು ಕೆಳಗಿನ ನೆಲ. ಪೈಥಾನ್ ಭಾಷೆಯಲ್ಲಿ ಬರೆಯುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಬೇರೆಯವರು ಬರೆದಿಟ್ಟ ಲೈಬ್ರರಿಗಳನ್ನು ತಂದುಕೊಳ್ಳುತ್ತಾರೆ. ಲೆಕ್ಕಕ್ಕೆ ನಂಪೈ, ಖಗೋಳದ ಫೈಲು ಓದಲು ಆಸ್ಟ್ರೋಪೈ. ಇವನ್ನು ತಂದು ಕೂರಿಸುವ ಸಾಧನ ಪಿಪ್. ಯಾವ ಆವೃತ್ತಿ ಬೇಕೆಂದು ಹೇಳದಿದ್ದರೆ ಅದು ನಮ್ಮ ಪೈಥಾನಿಗೆ ಹೊಂದುವ ಹೊಚ್ಚ ಹೊಸದನ್ನೇ ತರುತ್ತದೆ.

ಆ ಪ್ರೋಗ್ರಾಂನಲ್ಲಿ ಹಲವು ಕಡೆ 'ಎನ್‌ಪಿ ಡಾಟ್ ಇಂಟ್' ಎಂದಿತ್ತು. ಅದು ಪೈಥಾನಿನ ಸ್ವಂತ 'ಇಂಟ್'‌ಗೆ ನಂಪೈ ಇಟ್ಟಿದ್ದ ಇನ್ನೊಂದು ಹೆಸರು, ಅಷ್ಟೆ. ಗೊಂದಲಕ್ಕೆ ದಾರಿ ಮಾಡುತ್ತದೆಂದು 2021ರಲ್ಲಿ 1.20ನೇ ಆವೃತ್ತಿಯಿಂದ ಎಚ್ಚರಿಕೆ ಕೊಡಲು ಶುರುಮಾಡಿ, 2022ರ ಡಿಸೆಂಬರಿನಲ್ಲಿ ಬಂದ 1.24ರಲ್ಲಿ ತೆಗೆದೇಬಿಟ್ಟರು. ಸೀನಿಯರ್ ಬರೆದದ್ದು ಅದಕ್ಕೂ ಮೊದಲು.

ಹಾಗಾದರೆ ಹಳೆಯ 1.23 ಹಾಕೋಣ ಅಂದಳು. ತಂಟೆ ಶುರುವಾದದ್ದು ಇಲ್ಲಿ. ಅವಳ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಪೈಥಾನ್ 3.12. ನಂಪೈಯ ಒಳಭಾಗ ಬಹುಪಾಲು ಸಿ ಭಾಷೆಯದು. ಪೈಥಾನಿನ ಪ್ರತಿ ಆವೃತ್ತಿಗೂ ಅದನ್ನು ಬೇರೆ ಬೇರೆಯಾಗಿ ಕಂಪೈಲ್ ಮಾಡಿ ಇಟ್ಟಿರುತ್ತಾರೆ. 3.12ಕ್ಕೆ ಹಾಗೆ ಸಿದ್ಧವಾಗಿ ಸಿಗುವುದು 1.26ರಿಂದ ಮುಂದಕ್ಕೆ ಮಾತ್ರ. ಸಿದ್ಧ ಪ್ರತಿ ಸಿಗದೆ ಪಿಪ್ ತಾನೇ ಕಂಪೈಲ್ ಮಾಡಲು ಹೊರಟಿತು. ಅದಕ್ಕೆ ಬೇಕಾದ ಡಿಸ್ಟ್‌ಯುಟಿಲ್ಸ್ ಅನ್ನು 3.12ರಲ್ಲೇ ಕೈಬಿಟ್ಟಿದ್ದಾರೆ. ಪರದೆಯ ತುಂಬ ಕೆಂಪು ಸಾಲು. ಹುಡುಗಿ ಅಳುವುದೊಂದು ಬಾಕಿ. ಇಂಥ ಸಾಲುಗಳನ್ನು ನೋಡಿ, 'ಇದು ನನ್ನ ತಲೆಗೆ ಹತ್ತುವುದಲ್ಲ' ಎಂದುಕೊಂಡು ಎಷ್ಟು ಮಕ್ಕಳು ದೂರ ಸರಿಯುತ್ತಾರೋ ಎಂದು ನನಗೆ ನೋವಾಗುತ್ತದೆ. ಸೋತದ್ದು ಅವರ ಬುದ್ಧಿಯಲ್ಲ, ಆವೃತ್ತಿಗಳ ಹೊಂದಾಣಿಕೆ.

ಪೈಥಾನ್ 3.11 ಹಾಕಿಸಿ, ಆ ಪ್ರಾಜೆಕ್ಟಿಗೆಂದೇ ಬೇರೆ ಫೋಲ್ಡರಿನಲ್ಲಿ 'ವಿಎನ್ವಿ' ಎಂಬ ಪ್ರತ್ಯೇಕ ಆವರಣ ಮಾಡಿಸಿ, ಒಳಗೆ ನಂಪೈ 1.23.5 ಮತ್ತು ಆಸ್ಟ್ರೋಪೈ 5.3 ಕೂರಿಸಿದೆವು. ಪ್ರೋಗ್ರಾಂ ಓಡಿತು. ಲ್ಯಾಪ್‌ಟಾಪಿನ ಉಳಿದ ಕೆಲಸಗಳಿಗೆ ಏನೂ ಆಗಲಿಲ್ಲ.

ಇಷ್ಟರ ನಡುವೆ ಒಮ್ಮೆಯೂ ಕೈಕೊಡದಿದ್ದದ್ದು ಸೂರ್ಯನ ಚಿತ್ರದ ಫೈಲು. ಖಗೋಳಜ್ಞರು ಬಳಸುವ ಫಿಟ್ಸ್ ಎಂಬ ಆ ಮಾದರಿ ಪ್ರಕಟವಾದದ್ದು 1981ರಲ್ಲಿ. ಒಮ್ಮೆ ಫಿಟ್ಸ್ ಆದದ್ದು ಎಂದೆಂದಿಗೂ ಫಿಟ್ಸ್ ಆಗಿಯೇ ಉಳಿಯಬೇಕು, ಹೊಸ ನಿಯಮ ಬಂದರೂ ಹಳೆಯ ಫೈಲು ಕೆಡಬಾರದು ಎಂಬ ಕಟ್ಟುಪಾಡನ್ನು ಅವರು ಪಾಲಿಸುತ್ತ ಬಂದಿದ್ದಾರೆ. ಚಿತ್ರ ತೆಗೆದ ದಿನ, ಹೊತ್ತು ಬರೆದಿಡಲು ಫೈಲಿನ ತಲೆಯಲ್ಲೇ ಜಾಗವಿದೆ.

ಪ್ರೋಗ್ರಾಮಿಗೂ ಅಂಥ ತಲೆಬರಹ ಬೇಕು ಅನ್ನುವುದು ನನ್ನ ಹಟ. ಲೈಬ್ರರಿ ಬರೆಯುವವರು ಬದಲಾಯಿಸುವುದು ತಪ್ಪಲ್ಲ. ಮುಂಚಿತವಾಗಿ ಎಚ್ಚರಿಸಿಯೇ ತೆಗೆಯುತ್ತಾರೆ. ಬಳಸಿದವರು ಬರೆದಿಡದೆ ಹೋಗುವುದೇ ತೊಂದರೆ. 'ಪಿಪ್ ಫ್ರೀಜ್' ಎಂಬ ಒಂದೇ ಆಜ್ಞೆ ಆ ಆವರಣದಲ್ಲಿರುವ ಲೈಬ್ರರಿಗಳ ಹೆಸರು, ಆವೃತ್ತಿ ಎಲ್ಲವನ್ನೂ ಪಟ್ಟಿ ಮಾಡಿಕೊಡುತ್ತದೆ. ಅದಕ್ಕೆ ಪೈಥಾನಿನ ಆವೃತ್ತಿಯನ್ನು ಕೈಯಾರೆ ಸೇರಿಸಬೇಕು. ಕಾಲೇಜಿನ ಲ್ಯಾಬ್ ಮ್ಯಾನ್ಯುಯಲ್ಲಿನ ಮೊದಲ ಪುಟದಲ್ಲಿ, ಪ್ರಾಜೆಕ್ಟ್ ವರದಿಯ ಕೊನೆಯಲ್ಲಿ ಈ ಪಟ್ಟಿ ಕಡ್ಡಾಯವಾಗಲಿ.

ಅಕ್ಕನ ಮಗಳು ಈಗ 'ಎನ್‌ಪಿ ಡಾಟ್ ಇಂಟ್' ಇದ್ದಲ್ಲೆಲ್ಲ ಬರೀ 'ಇಂಟ್' ಎಂದು ತಿದ್ದುತ್ತಿದ್ದಾಳೆ. ಹಳೆಯ ಆವರಣದಲ್ಲೊಮ್ಮೆ, 2024ರ ಜೂನಿನಲ್ಲಿ ಬಂದ ನಂಪೈ 2.0ರಲ್ಲೊಮ್ಮೆ ಓಡಿಸಿ, ಸೌರಕಲೆಗಳ ವಿಸ್ತೀರ್ಣ ಎರಡರಲ್ಲೂ ಒಂದೇ ಬರುತ್ತದೆಯೇ ಎಂದು ನೋಡಬೇಕಿದೆ.