ತಾಯಿಯ ತುಂಡು ಹೊತ್ತು

ತಾಯಿಯನ್ನು ಹೊಗಳುವುದರಲ್ಲಿ ನಮ್ಮ ನಾಡು ಎಂದೂ ಜಿಪುಣತನ ತೋರಿದುದಿಲ್ಲ. ಮನೆಯೇ ಮೊದಲ ಪಾಠಶಾಲೆ, ತಾಯಿಯೇ ಮೊದಲ ಗುರು ಎನ್ನುತ್ತೇವೆ. ನೆಲಕ್ಕೆ, ನುಡಿಗೆ, ಹರಿಯುವ ಹೊಳೆಗೆ ತಾಯಿಯೆಂದೇ ಹೆಸರಿಡುತ್ತೇವೆ. ಸಭೆಯಲ್ಲಿ ಈ ಮಾತು ಬಂದಾಗ ಚಪ್ಪಾಳೆಯೂ ಬೀಳುತ್ತದೆ. ಆದರೆ ಆ ಚಪ್ಪಾಳೆಯ ಹೊತ್ತಿಗೆ ಎಳೆಯ ಮಕ್ಕಳ ತಾಯಿ ಸಭೆಯಲ್ಲಿರುವುದು ಅಪರೂಪ. ಬಂದಿದ್ದರೂ ಅಳುವ ಕೂಸನ್ನು ಎತ್ತಿಕೊಂಡು ಹೊರಗಿನ ಜಗಲಿಯಲ್ಲಿ ಅಡ್ಡಾಡುತ್ತಿರುತ್ತಾಳೆ. ಆದುದರಿಂದ ತಾಯ್ತನದ ಮಹಿಮೆಯನ್ನು ಸ್ವಲ್ಪ ಬದಿಗಿಟ್ಟು, ಆಕೆಯ ಒಂದು ದಿನ ಹೇಗೆ ಕಳೆಯುತ್ತದೆಂಬುದನ್ನು ನೋಡೋಣ.

ಎಳೆಯ ಮಕ್ಕಳಿರುವ ಮನೆಯಲ್ಲಿ ದಿನವೆಂಬುದು ಇಡಿಯಾಗಿ ದೊರೆಯುವುದಿಲ್ಲ, ತುಂಡುತುಂಡಾಗಿ ದೊರೆಯುತ್ತದೆ. ಹುಟ್ಟಿದ ಕೂಸು ಇಪ್ಪತ್ತನಾಲ್ಕು ಗಂಟೆಗಳಲ್ಲಿ 8ರಿಂದ 12 ಸಲ ಹಾಲು ಕುಡಿಯುತ್ತದೆ. ಅದರ ಹೊಟ್ಟೆ ಚಿಕ್ಕದು, ಮೊಲೆಹಾಲು ಬೇಗನೆ ಅರಗುವಂಥದು. ಹಗಲು ಇರುಳುಗಳ ಭೇದವನ್ನು ಅದಿನ್ನೂ ಕಲಿತಿಲ್ಲ. ಹೀಗೆ ಮೊದಲು ತುಂಡಾಗುವುದು ತಾಯಿಯ ನಿದ್ದೆ. ಬರಬರುತ್ತ ಹಗಲೂ ಹಾಗೆಯೇ ಆಗುತ್ತದೆ. ಒಲೆಯ ಮೇಲೆ ಹಾಲಿಟ್ಟು ತೊಟ್ಟಿಲ ಬಳಿಗೆ ಓಡಬೇಕು. ದೊಡ್ಡವನ ಅಂಗಿಗೆ ಗುಂಡಿ ಹಾಕುವಷ್ಟರಲ್ಲಿ ಚಿಕ್ಕವಳು ಅಕ್ಕಿಯ ಡಬ್ಬಿಯನ್ನು ಮಗುಚಿರುತ್ತಾಳೆ. ಅಕ್ಕಿಯನ್ನು ಬಳಿದು ತುಂಬುವಷ್ಟರಲ್ಲಿ ಹಾಲು ಉಕ್ಕಿರುತ್ತದೆ. ಸಂಜೆ ಮನೆಗೆ ಬಂದವರು ‘ಇಡೀ ದಿನ ಏನು ಮಾಡಿದೆ?’ ಎಂದು ಕೇಳಿದರೆ ಆಕೆಗೆ ಉತ್ತರ ತೋಚುವುದಿಲ್ಲ. ಮಾಡಿದ್ದು ನೂರು, ಮುಗಿಯಿತೆಂದು ತೋರಿಸುವುದಕ್ಕೆ ಒಂದೂ ಇಲ್ಲ.

ಈ ದುಡಿಮೆಯನ್ನು ಅಳೆಯುವ ಯತ್ನ ನಡೆದೇ ಇಲ್ಲವೆನ್ನಲಾಗದು. 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು ದೇಶದ ಜನ ತಮ್ಮ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಗಂಡಸರು 97 ನಿಮಿಷಗಳನ್ನೂ ಅದಕ್ಕೆ ಕೊಡುತ್ತಿದ್ದರು. ಅಂಥ ಕೆಲಸಕ್ಕೆ ಕೈಹಾಕುವ ಗಂಡಸರೇ ನೂರಕ್ಕೆ ಇಪ್ಪತ್ತಾರು ಮಂದಿ ಮಾತ್ರ. ಈ ಅಂಕಿಗಳಿಗಿಂತಲೂ ಅವನ್ನು ಕಲೆಹಾಕಿದ ಕ್ರಮವು ಗಮನಾರ್ಹವಾದುದು. ದಿನವನ್ನು ಅರ್ಧ ಗಂಟೆಯ ಅವಧಿಗಳಾಗಿ ವಿಂಗಡಿಸಿ, ಒಂದೊಂದು ಅವಧಿಯಲ್ಲೂ 10 ನಿಮಿಷ ಅಥವಾ ಅದಕ್ಕೂ ಹೆಚ್ಚು ಹೊತ್ತು ಮಾಡಿದ ಕೆಲಸಗಳನ್ನು ಬರೆದುಕೊಂಡರು. ಲೆಕ್ಕವೆಂದ ಮೇಲೆ ಎಲ್ಲಿಯಾದರೂ ಗೆರೆ ಎಳೆಯಲೇಬೇಕು, ನಿಜ. ಆದರೆ ಮೂಗು ಒರೆಸುವುದು, ಬಿದ್ದವನನ್ನು ಎತ್ತುವುದು, ಜಗಳ ಬಿಡಿಸುವುದು, ಹೆದರಿದವಳನ್ನು ತಬ್ಬಿಕೊಳ್ಳುವುದು, ಇವುಗಳಲ್ಲಿ ಯಾವುದು ಹತ್ತು ನಿಮಿಷದ ಕೆಲಸ? ಮಗು ಬೆಳೆಯುವುದು ಗೆರೆಯ ಕೆಳಗೆ ಉಳಿದುಹೋದ ಇಂಥ ಚೂರುಗಳಲ್ಲಿಯೇ.

ಆ ಚೂರುಗಳಲ್ಲಿ ಅಡಗಿರುವ ಜಾಣ್ಮೆಯೂ ಸಾಮಾನ್ಯವಾದುದಲ್ಲ. ಮೈಸೂರು ಸೀಮೆಯ ರಾಗಿಸರಿಯನ್ನೇ ತೆಗೆದುಕೊಳ್ಳಿ. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಮೊಳೆತ ಕಾಳಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟುತ್ತದೆ. ಅದರಿಂದಾಗಿ ಹಿಟ್ಟು ಹೆಚ್ಚಿದ್ದರೂ ಗಂಜಿ ಗಟ್ಟಿಯಾಗದೆ ತೆಳ್ಳಗಿರುತ್ತದೆ. ಪುಟ್ಟ ಹೊಟ್ಟೆಗೆ ಕಡಮೆ ಅಳತೆಯಲ್ಲಿ ಹೆಚ್ಚು ಸತ್ವ ಸೇರುತ್ತದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಗಿಲಾಗಿ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದು 10ರ ಆಸುಪಾಸು. ಕಿಣ್ವದ ಹೆಸರು ಕೇಳದ ಅಜ್ಜಿಯರು ಈ ಪಾಕವನ್ನು ಸೊಸೆಯರ ಕೈಗೆ ದಾಟಿಸಿದರು.

ನುಡಿಯ ಪಾಠವೂ ಇಂಥ ಬಿಡಿಹೊತ್ತಿನಲ್ಲಿಯೇ ನಡೆಯುತ್ತದೆ. ಉಣ್ಣುವುದಕ್ಕೆ ‘ಮಮ್ಮು’, ಮಲಗುವುದಕ್ಕೆ ‘ತಾಚಿ’: ತುಟಿಗೆ ಸುಲಭವಾದ ಶಬ್ದಗಳನ್ನು ಆರಿಸಿ, ದ್ವಿರುಕ್ತಿಮಾಡಿ, ರಾಗವೆಳೆದು ಆಡುವ ತಾಯಿಗೆ ತಾನು ಭಾಷೆ ಕಲಿಸುತ್ತಿದ್ದೇನೆಂಬ ಅರಿವೇ ಇರುವುದಿಲ್ಲ. ವರ್ಷದ ಸುಮಾರಿಗೆ ಮೊದಲ ಮಾತು. ಎರಡರ ಹೊತ್ತಿಗೆ ಎರಡು ಪದಗಳ ಜೋಡಣೆ. ಮೂರು ದಾಟಿತೆಂದರೆ ‘ಯಾಕೆ?’ ಎಂಬ ಪ್ರಶ್ನೆಗಳ ಮಳೆ. ಶಾಲೆಗೆ ಬರುವ ಮಗುವಿನ ನಾಲಗೆಯಲ್ಲಿ ಕನ್ನಡದ ವಿಭಕ್ತಿ, ಕ್ರಿಯಾರೂಪಗಳೆಲ್ಲ ಆಗಲೇ ನೆಲೆಸಿರುತ್ತವೆ. ಉಪಾಧ್ಯಾಯರು ಅಕ್ಷರವನ್ನು ಬಿತ್ತುವುದು ಬೇರೊಬ್ಬರು ಉತ್ತ ಹೊಲದಲ್ಲಿ.

ನಮ್ಮ ತಾಯಂದಿರು ಈ ತುಂಡು ಹೊತ್ತಿನಿಂದಲೇ ಕಾವ್ಯವನ್ನೂ ತೆಗೆದರು. ಇಂದಿನ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಸಂಕಲನವನ್ನು ಬಲ್ಲವರು ತ್ರಿಪದಿಯ ಸೊಗಸನ್ನೂ ಬಲ್ಲರು. ಮೂರೇ ಸಾಲು, ಅಷ್ಟರಲ್ಲಿ ಭಾವ ಮುಗಿಯುತ್ತದೆ. ಬೀಸುವ ಕಲ್ಲಿನ ಮುಂದೆ ಕುಳಿತವಳಿಗೆ ಕೂಸು ಯಾವಾಗ ಏಳುವುದೋ ತಿಳಿಯದು. ಎದ್ದರೂ ಹಾಡು ನಡುವೆ ಕಡಿಯುವುದಿಲ್ಲ. ಛಂದಸ್ಸಿನ ಹುಟ್ಟಿಗೆ ಬೇರೆ ಕಾರಣಗಳಿರಬಹುದು. ತಾಯಿಯ ಬಾಳಿಗೆ ಅದು ಇಷ್ಟು ಚೆನ್ನಾಗಿ ಒಗ್ಗಿದ್ದು ಮಾತ್ರ ಆಕಸ್ಮಿಕವೆಂದು ತೋರುವುದಿಲ್ಲ.

ಎಲ್ಲ ಕೆಲಸವೂ ಮೂರು ಸಾಲಿನಲ್ಲಿ ಮುಗಿಯುವಂಥದಲ್ಲ. ಕಾದಂಬರಿಗೆ ಇಡಿಯಾದ ಹೊತ್ತು ಬೇಕು. ವ್ಯಾಸಂಗಕ್ಕೂ, ಒಂದು ದೀರ್ಘಚಿಂತನೆಗೂ ಬೇಕು. ಎಂ. ಕೆ. ಇಂದಿರಾ ಅವರು ಹುಟ್ಟಿದ್ದು 1917ರಲ್ಲಿ. ‘ತುಂಗಭದ್ರ’ ಹೊರಬಂದದ್ದು 1963ರಲ್ಲಿ, ಅವರಿಗೆ ನಲವತ್ತೈದು ದಾಟಿದ ಮೇಲೆ. ಸಂಸಾರದ ವರ್ಷಗಳು ಕಳೆದು ಬರೆಯಲು ತೊಡಗಿದ ಅವರು ನಮಗೆ ‘ಫಣಿಯಮ್ಮ’ನನ್ನೂ ಕೊಟ್ಟರು. ಹಾಗೆ ತೊಡಗಲಾರದೆ ಹೋದವರು ಎಷ್ಟು ಮಂದಿಯೋ!

ಕಾಯಿದೆ ಈ ಬಗ್ಗೆ ಕಣ್ಣುಮುಚ್ಚಿ ಕುಳಿತಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯಿದೆ ಕೊಟ್ಟಿದ್ದ 12 ವಾರಗಳ ರಜೆ, ಮೊದಲೆರಡು ಮಕ್ಕಳ ಮಟ್ಟಿಗೆ 2017ರಲ್ಲಿ 26 ವಾರಗಳಾಯಿತು. 26 ವಾರವೆಂದರೆ ಆರು ತಿಂಗಳು. ಹಾಲಿನ ಜೊತೆಗೆ ಮಗುವಿಗೆ ಉಣಿಸಲು ತೊಡಗಬೇಕಾದ ಕಾಲವೂ ಅದೇ. ನಾಟಿಗೆ ಹೋಗುವವಳಿಗೂ, ಪರರ ಮನೆಯ ಪಾತ್ರೆ ತೊಳೆಯುವವಳಿಗೂ ಆ ರಜೆಯ ನೆರಳು ಬಹುಮಟ್ಟಿಗೆ ದೊರೆತದ್ದಿಲ್ಲ. 1975ರ ಅಕ್ಟೋಬರ್ 2ರಂದು ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯಿಂದ ಅಂಗನವಾಡಿಗಳು ಬಂದು ಮೂರು ದಾಟಿದ ಮಕ್ಕಳನ್ನು ಕೂರಿಸಿಕೊಂಡವು. ಅದಕ್ಕೂ ಎಳೆಯರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆ ನಮ್ಮ ರಾಜ್ಯದಲ್ಲಿ ಬಂದದ್ದು 2023ರಲ್ಲಿ. ಇವೆಲ್ಲ ಬೆಳೆಯಬೇಕಾದ ಒಳ್ಳೆಯ ಸಸಿಗಳು.

ಆದರೆ ಸರ್ಕಾರವನ್ನು ಕಾಯದೆ ಮನೆಯೊಳಗೇ ಮಾಡಬಹುದಾದ ಕೆಲಸವೊಂದಿದೆ. ತಂದೆ ಮಗುವನ್ನು ‘ಆಡಿಸುವುದು’ ಸಹಾಯವೆಂದು ಎಣಿಸಲ್ಪಡುತ್ತದೆ. ಅತ್ತೊಡನೆ ‘ಇಗೋ, ನಿನ್ನ ಮಗು’ ಎಂದು ಹಿಂತಿರುಗಿಸುವುದೂ ರೂಢಿಯಾಗಿದೆ. ದಿನಕ್ಕೊಂದು ಗಂಟೆ ಸ್ನಾನ, ಊಟ, ಅಳು, ಹಟ ಎಲ್ಲವನ್ನೂ ತಾನೇ ವಹಿಸಿಕೊಂಡು, ಆ ಗಂಟೆಯನ್ನು ಆಕೆಗೆ ಇಡಿಯಾಗಿ ಬಿಟ್ಟುಕೊಡಲಿ. ಆಕೆ ಅದರಲ್ಲಿ ಓದಲಿ, ಬರೆಯಲಿ, ಬರಿದೆ ಮಲಗಲಿ. ಏನು ಮಾಡಿದೆಯೆಂದು ಯಾರೂ ಲೆಕ್ಕ ಕೇಳದಿರಲಿ. ಅಮ್ಮನ ಹೊತ್ತು ಅಮ್ಮನದೂ ಹೌದೆಂಬುದನ್ನು ಮಕ್ಕಳು ಕಣ್ಣಾರೆ ಕಂಡು ಬೆಳೆದರೆ, ಮುಂದೆ ಅವರು ಕಟ್ಟುವ ಮನೆಗಳಲ್ಲಿ ಈ ಮಾತನ್ನು ಯಾರೂ ಬರೆದು ತಿಳಿಸಬೇಕಾಗುವುದಿಲ್ಲ.