ವಧುವಿನ ಚಂದ್ರಕಾಳಿ ಸೀರೆಯೂ ಕಸೂತಿಯ ಪರಿಭಾಷೆಯೂ

ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಸೀಮೆಯಲ್ಲಿ ವಿವಾಹಕಾಲದಲ್ಲಿ ವಧುವಿಗೆ ಕೊಡತಕ್ಕ ಉಡುಗೆಗಳೊಳಗೆ ಕಸೂತಿಯಿಂದ ಅಲಂಕೃತವಾದ ಚಂದ್ರಕಾಳಿ ಸೀರೆಯು ಮುಖ್ಯವಾದುದೆಂದು ಪರಂಪರೆಯಿಂದ ಎಣಿಸಲ್ಪಟ್ಟಿದೆ. ಮಂಗಳಕಾರ್ಯಗಳಲ್ಲಿ ಕಪ್ಪನ್ನು ವರ್ಜಿಸುವುದು ಲೋಕರೂಢಿಯಾಗಿದ್ದರೂ ಈ ಸೀರೆಯ ಒಡಲು ಕಪ್ಪೇ ಆಗಿರುವುದು. ಇಳಕಲ್ಲಿನ ನೇಕಾರರು ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕುಣಿಕೆ ಹಾಕಿ ಜೋಡಿಸಿ, ಕೆಂಪು ಸೆರಗನ್ನು ನೇಯುವರು. ಈ ಜೋಡಣೆಗೆ ತೋಪುತೆನೆ ಎಂದು ಹೆಸರು. ಸೆರಗಿನ ಸಮೀಪದಲ್ಲಿ ಗೋಪುರ, ತೇರು, ಅಂಬಾರಿಯ ಆನೆ, ತುಳಸೀವೃಂದಾವನ ಮೊದಲಾದ ಹಿರಿಯ ಚಿತ್ರಗಳೂ, ದೂರ ಸರಿದಂತೆ ಕಿರಿಯ ಹೂಚಿಕ್ಕೆಗಳೂ ಸೂಜಿಯಿಂದ ಮೂಡುವುವು.

ಕಸೂತಿ ಎಂಬ ಪದವನ್ನು ಕೈ, ಸೂತಿ ಎಂದು ಬಿಡಿಸುವುದು ವಾಡಿಕೆ. ಉತ್ತರಪದವು ಸಂಸ್ಕೃತದ ಸೂತ್ರಶಬ್ದದಿಂದ ಪ್ರಾಕೃತದ್ವಾರಾ ಬಂದುದು. ತತ್ಸಮವಲ್ಲದ ಕಾರಣ ಕನ್ನಡದ ಕೈಯೊಡನೆ ಅದು ಕೂಡಿದರೂ ಅರಿಸಮಾಸದ ದೋಷಕ್ಕೆ ಅವಕಾಶವಿಲ್ಲ.

ಈ ಕಲೆಯಲ್ಲಿ ಹೊಲಿಗೆಗಳು 4: ಗವಂತಿ, ಮುರ್ಗಿ, ನೇಯ್ಗೆ, ಮೆಂತೆ. ನೇಯ್ಗೆಯು ಮಗ್ಗದಲ್ಲಿ ನೇಯ್ದ ಚಿತ್ತಾರದಂತೆ ತೋರುವುದರಿಂದಲೂ, ಅಡ್ಡಡ್ಡವಾಗಿ ದಾಟುವ ಮೆಂತೆಯು ಮೆಂತ್ಯದ ಕಾಳಿನ ಹೋಲಿಕೆಯಿಂದಲೂ ಅನ್ವರ್ಥಗಳಾಗಿವೆ. ಗವಂತಿಯನ್ನು ಗಂಟು ಎಂಬುದರಿಂದ ಸಾಧಿಸುವರು. ಆದರೆ ಕಸೂತಿಯಲ್ಲಿ ದಾರಕ್ಕೆ ಗಂಟನ್ನೇ ಹಾಕುವುದಿಲ್ಲ. ಹಾಗಾದರೆ ಹೆಸರಿಗೂ ಕ್ರಿಯೆಗೂ ವಿರೋಧವಲ್ಲವೇ ಎಂಬ ಶಂಕೆಗೆ ಕ್ರಿಯೆಯೇ ಸಮಾಧಾನವನ್ನು ಕೊಡುತ್ತದೆ.

ಗವಂತಿಯಲ್ಲಿ ಸೂಜಿಯು ಬಟ್ಟೆಯ ಎಳೆಗಳನ್ನು ಎಣಿಸುತ್ತ, ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ ಸಾಗಿ ರೇಖೆಯ ಕೊನೆಯನ್ನು ಮುಟ್ಟುವುದು; ಮರಳುವಾಗ ಬಿಟ್ಟ ತೆರಪುಗಳನ್ನೆಲ್ಲ ತುಂಬುತ್ತ ಹೊರಟ ಸ್ಥಾನಕ್ಕೇ ಬಂದು ಸೇರುವುದು. ಹೋದ ದಾರವೂ ಬಂದ ದಾರವೂ ಹೀಗೆ ಒಂದೇ ರೇಖೆಯಲ್ಲಿ ಸಂಧಿಸುವುದನ್ನೇ ಗಂಟೆಂದು ಗ್ರಹಿಸಿದರೆ ವಿರೋಧವು ಪರಿಹಾರವಾಗುತ್ತದೆ. ಇದರಿಂದ ಬಟ್ಟೆಯ ಎರಡು ಮೈಗಳಲ್ಲಿಯೂ ಒಂದೇ ರೂಪು ಕಾಣುವುದು. ಮುರ್ಗಿಗೂ ಈ ಲಕ್ಷಣವುಂಟು. ಅದು ಮೆಟ್ಟಿಲುಮೆಟ್ಟಿಲಾಗಿ ಏರುವುದೊಂದೇ ಭೇದ.

ಬಟ್ಟೆಯ ಮೇಲೆ ಮೊದಲು ಗೆರೆಯನ್ನು ಬರೆದುಕೊಳ್ಳುವ ಪದ್ಧತಿ ಇಲ್ಲಿಲ್ಲ. ಗೋಪುರದ ಕಳಸವನ್ನು ಹೊಲಿಯುವವಳು ಅಲ್ಲಿಂದ ಹಿಂದಿರುಗುವ ಮಾರ್ಗವನ್ನು ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿರಬೇಕು. ಒಂದು ಕವಲನ್ನು ಮರೆತರೆ ದಾರವು ಹಿಂಬದಿಯಲ್ಲಿ ಹಾಯ್ದು ಒಳಮೈಯ ರೂಪು ಕೆಡುವುದು. ಆದುದರಿಂದ ಕಸೂತಿಯ ವಿದ್ಯೆಯು ಚಿತ್ರದಲ್ಲಿಲ್ಲ, ದಾರ ನಡೆಯುವ ಕ್ರಮದಲ್ಲಿದೆ.

1999ರ ಭೌಗೋಳಿಕ ಸೂಚಕಗಳ ಕಾಯಿದೆಯ ಮೇರೆಗೆ ಕಸೂತಿಗೂ ಇಳಕಲ್ ಸೀರೆಗೂ ನೋಂದಣಿಯು ದೊರೆತಿದೆ. ಅದರಿಂದ ಹೆಸರಿಗೆ ರಕ್ಷಣೆಯಾಯಿತು, ಕ್ರಮಕ್ಕಾಗಲಿಲ್ಲ. ಯಂತ್ರವು ತೇರನ್ನೂ ಆನೆಯನ್ನೂ ಅನುಕರಿಸಬಲ್ಲುದು, ಮುದ್ರಿತ ಪುಸ್ತಕವು ಆಕೃತಿಗಳನ್ನು ಉಳಿಸಬಲ್ಲುದು. ಆದರೆ ಸೂಜಿ ಎಲ್ಲಿಂದ ಹೊರಟು ಯಾವ ಕವಲನ್ನು ಮೊದಲು ಹೊಕ್ಕು ಹೇಗೆ ಮರಳಿತೆಂಬುದನ್ನು ಸಿದ್ಧಚಿತ್ರವು ತಿಳಿಸದು. ತಾಯಿಯ ಕೈಯನ್ನು ನೋಡಿ ಮಗಳು ಕಲಿಯುತ್ತಿದ್ದ ಪಾಠವಿದು. ಆ ಸಂಪ್ರದಾಯವು ಕಡಿದಲ್ಲಿ ಪಾಠವೂ ಲುಪ್ತವಾಗುವುದು. ನಿಘಂಟುಕಾರರು ಹೊಲಿಗೆಗಳ ಹೆಸರುಗಳೊಡನೆ ಅವುಗಳ ನಡೆಯನ್ನೂ ಬಲ್ಲವರ ಬಾಯಿಂದ ಕೇಳಿ ಬರೆದಿಡುವುದು ಅವಶ್ಯಕವು. ಅರ್ಥವನ್ನು ತೊರೆದ ಶಬ್ದಸಂಗ್ರಹವು ಒಳಮೈಯಿಲ್ಲದ ಕಸೂತಿಯಂತೆಯೇ ಸರಿ.